ಕೋನ್ ಫಿಲ್ಟರ್ ಇನ್‌ಟೇಕ್ ಕಿಟ್: ಮೂರು ವರ್ಷ ಓಡಿಸಿ, ತಪಾಸಣೆಯನ್ನೂ ಪಾಸ್ ಮಾಡಿಸಿದ ಮೇಲೆ

ಎಂಜಿನ್ನಿಗೆ ಗಾಳಿ ಒಯ್ಯುವ ಈ ಕಿಟ್ ಹಾಕಿಸಿ ಮೂರು ವರ್ಷ ಆಯಿತು. ಕಾರು 38,000 ಕಿಲೋಮೀಟರ್ ಓಡಿದೆ. ಎಂಜಿನ್ ನಾಲ್ಕು ಸಿಲಿಂಡರಿನ ಪೆಟ್ರೋಲ್, ಟರ್ಬೊ ಇಲ್ಲ. ಕಾರಿನ ಜೊತೆ ಬಂದ ಏರ್ ಫಿಲ್ಟರ್ ಡಬ್ಬಿ ತೆಗೆದು, ಎಣ್ಣೆ ಸವರುವ ಹತ್ತಿಯ ಕೋನ್ ಫಿಲ್ಟರ್ ಮತ್ತು ಅಲ್ಯೂಮಿನಿಯಂ ಪೈಪ್ ಹಾಕಿಸಿದೆ. ಪವರ್, ಶಬ್ದದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ರಸ್ತೆ ಯೋಗ್ಯತೆಯ ತಪಾಸಣೆಗೆ ಹೋದಾಗ ಏನಾಗುತ್ತದೆ ಅಂತ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ, ನನಗೆ ತಲೆನೋವು ಆಗಿದ್ದು ಅಲ್ಲೇ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಸಲ ಫೇಲ್ ಆಯಿತು. ತೆರೆದ ಫಿಲ್ಟರ್ ಕಂಡು ಬೇಡ ಅಂದಿರಬೇಕು ಅಂದುಕೊಂಡೆ. ಆದರೆ ಪರೀಕ್ಷಕರು ಬೆರಳು ತೋರಿಸಿದ್ದು ಎಂಜಿನ್ ಮೇಲಿನ ವಾಲ್ವ್ ಕವರ್ ಕಡೆಗೆ. ಅಲ್ಲಿಂದ ಬರುವ ಬ್ರೀದರ್ ಹೋಸ್ ಮೊದಲು ಹಳೆಯ ಡಬ್ಬಿಯ ಪೈಪಿಗೆ ಸೇರುತ್ತಿತ್ತು. ಕಿಟ್ ಕೂರಿಸಿದವರು ಅದನ್ನು ಬಿಚ್ಚಿ, ತುದಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಪುಟ್ಟ ಫಿಲ್ಟರ್ ಸಿಕ್ಕಿಸಿ ಕಳಿಸಿದ್ದರು. ನೋಡೋಕೆ ಚೆನ್ನಾಗಿತ್ತು. ಆದರೆ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿದು ಈ ಹೋಸಿನಿಂದ ಹೊರಬರುವ ಗ್ಯಾಸಿನಲ್ಲಿ ಉರಿಯದ ಪೆಟ್ರೋಲ್, ಎಣ್ಣೆಯ ಆವಿ ಎಲ್ಲ ಇರುತ್ತದೆ. ಅದು ಗಾಳಿಗೆ ಹೋಗಬಾರದು, ವಾಪಸ್ ಎಂಜಿನ್ ಒಳಗೇ ಹೋಗಿ ಉರಿಯಬೇಕು. 1960ರ ದಶಕದಿಂದ ಕಾರುಗಳಲ್ಲಿ ಇರುವ ವ್ಯವಸ್ಥೆ ಇದು, ಹೊಗೆ ನಿಯಂತ್ರಣಕ್ಕೆ ಅಂತ ಮೊದಮೊದಲು ಬಂದಿದ್ದೇ ಇದು. ಬಾನೆಟ್ ತೆಗೆದು ನೋಡುವ ಯಾರೇ ಆದರೂ ಇದನ್ನು ಬಿಡುವುದಿಲ್ಲ, ಬಿಡಲೂಬಾರದು ಅನ್ನುವುದು ನನ್ನ ಅಭಿಪ್ರಾಯ.

ಸರಿಪಡಿಸೋದು ಸುಲಭ. ಪೈಪಿನಲ್ಲಿ ಬ್ರೀದರ್ ಹೋಸ್‌ಗೆ ಒಂದು ಮೂತಿ ಇರಬೇಕು, ಅದು ಫಿಲ್ಟರ್ ಆದ ಮೇಲೆ, ಗಾಳಿ ಅಳೆಯುವ ಸೆನ್ಸರ್ ಕೂಡ ದಾಟಿದ ಮೇಲೆ, ಒಳಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲಾದ ಥ್ರಾಟಲ್‌ಗೆ ಮುಂಚೆ ಬರಬೇಕು. ಸೆನ್ಸರ್‌ಗೆ ಮುಂಚೆ ಜೋಡಿಸಿದರೆ ಎಣ್ಣೆಯ ಆವಿ ಅದರ ಮೇಲೇ ಕೂರುತ್ತದೆ. ನನ್ನ ಪೈಪಿನಲ್ಲಿ ಮೂತಿಯೇ ಇರಲಿಲ್ಲ, ವೆಲ್ಡ್ ಮಾಡಿಸಬೇಕಾಯಿತು. ಕೊಳ್ಳುವ ಮುಂಚೆ ಇದೊಂದನ್ನು ನೋಡಿಕೊಂಡಿದ್ದರೆ ಮೊದಲ ಸಲವೇ ಪಾಸ್ ಆಗುತ್ತಿತ್ತು.

ಎರಡನೇ ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಕಿಟ್ ಹಾಕಿ ಎರಡು ವಾರದಲ್ಲಿ ಚೆಕ್ ಎಂಜಿನ್ ಲೈಟ್ ಬಂದಿತ್ತು, ಕೋಡ್ ಪಿ0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಎಲ್ಲಾದರೂ ಗಾಳಿ ಸೋರುತ್ತಿದೆಯಾ ಅಂತ ಒಂದೊಂದು ಜಾಯಿಂಟನ್ನೂ ಹುಡುಕಿದೆ. ಸೋರುತ್ತಿರಲಿಲ್ಲ. ಸೆನ್ಸರ್ ಕೂರುವ ಜಾಗದಲ್ಲಿ ಹಳೆಯ ಪೈಪಿನ ಒಳ ಅಳತೆ 70 ಮಿಲಿಮೀಟರ್, ಹೊಸದರದ್ದು 76. ಬರೀ ಆರು ಮಿಲಿಮೀಟರ್ ಅಲ್ವಾ ಅನ್ನಿಸುತ್ತದೆ. ಆದರೆ ಗಾಳಿ ಹೋಗುವ ಜಾಗ ಶೇಕಡ 18ರಷ್ಟು ಹಿಗ್ಗುತ್ತದೆ, ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ, ಸೆನ್ಸರ್ ನಿಜಕ್ಕಿಂತ ಸುಮಾರು ಶೇಕಡ 15 ಕಡಿಮೆ ಲೆಕ್ಕ ಕೊಡುತ್ತದೆ. ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಪೆಟ್ರೋಲ್ ಹೆಚ್ಚಿಸುತ್ತಾ ಹೋಗುತ್ತದೆ. ನನ್ನದರಲ್ಲಿ ಅದು ಶೇಕಡ 17ರವರೆಗೆ ಹೋಗಿ, ಇನ್ನು ಆಗಲ್ಲ ಅಂತ ಲೈಟ್ ಹಾಕಿತ್ತು. ಹೊಗೆಯ ಅಳತೆ ಸರಿಯಾಗಿದ್ದರೂ ಆ ಲೈಟ್ ಉರಿಯುತ್ತಿದ್ದರೆ ಹಲವು ಕಡೆ ಅದೊಂದೇ ಸಾಕು ಫೇಲ್ ಮಾಡೋಕೆ. ಸೆನ್ಸರ್ ಭಾಗಕ್ಕೆ ಹಳೆಯ ಅಳತೆಯದೇ ಪೈಪ್ ತುಂಡು ಹಾಕಿಸಿದೆ. ಈಗ ಆ ಅಂಕಿ ಶೇಕಡ ಮೂರರ ಒಳಗೇ ಇದೆ.

ಇಲ್ಲಿ ಒಂದು ಎಚ್ಚರಿಕೆ. ತಪಾಸಣೆಯ ಹಿಂದಿನ ದಿನ ಕೋಡ್ ಅಳಿಸಿಕೊಂಡು ಹೋಗಬೇಡಿ. ಅಳಿಸಿದ ಕೂಡಲೇ ಇಸಿಯು ತನ್ನ ಒಳಗಿನ ಪರೀಕ್ಷೆಗಳನ್ನೆಲ್ಲ ಮೊದಲಿಂದ ಶುರು ಮಾಡುತ್ತದೆ, ಸ್ಕ್ಯಾನರ್ ಚುಚ್ಚಿದಾಗ ಪರೀಕ್ಷೆ ಮುಗಿದಿಲ್ಲ ಅಂತಲೇ ತೋರಿಸುತ್ತದೆ. ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ, ಒಂದೆರಡು ಸಲ ಪೂರ್ತಿ ತಣ್ಣಗಾದ ಎಂಜಿನ್ ಸ್ಟಾರ್ಟ್ ಮಾಡಿ, ಆಮೇಲೆ ಹೋಗಿ.

ಉಳಿದದ್ದು ಗಟ್ಟಿತನದ ವಿಷಯ. ಪರೀಕ್ಷಕರು ಪೈಪನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಫಿಲ್ಟರ್ ಸುಮ್ನೆ ಪೈಪಿನ ತುದಿಯಲ್ಲಿ ನೇತಾಡುತ್ತಿದ್ದರೆ ಆಗಲ್ಲ, ಕಾರಿನ ಬಾಡಿಯ ಮೇಲೆ ಬೋಲ್ಟ್ ಆದ ಬ್ರ್ಯಾಕೆಟ್ ಬೇಕು. ಬೆಲ್ಟ್, ಫ್ಯಾನ್, ಬ್ಯಾಟರಿ ಟರ್ಮಿನಲ್ ಯಾವುದಕ್ಕೂ ತಾಗಬಾರದು. ಕೆಲವು ಕಡೆ ಕಾಗದವೂ ಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಿಟ್‌ಗೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಇಲ್ಲದಿದ್ದರೆ ಪಾಸ್ ಆಗಲ್ಲ. ಕಿಟ್ ಡಬ್ಬಿಯಲ್ಲಿ ಬಂದ ಸ್ಟಿಕರ್, ಚೀಟಿ ಎಸೆಯಬೇಡಿ.

ಇನ್ನು ಪವರ್. ಮೊದಮೊದಲು ಖುಷಿ ಕೊಟ್ಟಿದ್ದು ಶಬ್ದ, ಓಟವಲ್ಲ. ಟ್ರಾಫಿಕ್ಕಿನಲ್ಲಿ ಒಳಗೆ ಹೋಗುವ ಗಾಳಿ ಹೊರಗಿನದಕ್ಕಿಂತ 25 ಡಿಗ್ರಿ ಬಿಸಿ ಇರುತ್ತಿತ್ತು. ಹತ್ತು ಡಿಗ್ರಿ ಬಿಸಿಯಾದರೆ ಗಾಳಿಯ ಸಾಂದ್ರತೆ ಶೇಕಡ ಮೂರರಷ್ಟು ಇಳಿಯುತ್ತದೆ, ಅಂದರೆ ಹಳೆಯ ಡಬ್ಬಿಯೇ ಮೇಲಾಗಿತ್ತು. ಫಿಲ್ಟರ್ ಸುತ್ತ ತಗಡಿನ ಗೋಡೆ ಕಟ್ಟಿಸಿ, ಮುಂದಿನ ಗ್ರಿಲ್‌ನಿಂದ ಗಾಳಿ ಬರೋ ಹಾಗೆ ಮಾಡಿದ ಮೇಲೆ ಸುಧಾರಿಸಿತು. ಅದರಿಂದ ಶಬ್ದವೂ ಸ್ವಲ್ಪ ತಗ್ಗಿತು, ಶಬ್ದ ಅಳೆಯುವ ಕಡೆ ಅದೂ ಉಪಯೋಗಕ್ಕೆ ಬರುತ್ತದೆ.

ಫಿಲ್ಟರ್ ತೊಳೆದಾಗ ಎಣ್ಣೆ ಜಾಸ್ತಿ ಹಾಕಬೇಡಿ. ನಾನು ಒಮ್ಮೆ ಹಾಕಿದೆ, ಎಣ್ಣೆ ಸೆನ್ಸರಿನ ತಂತಿಗೆ ಅಂಟಿ ಐಡಲ್, ಅಂದರೆ ಕಾರು ನಿಂತಾಗಿನ ಎಂಜಿನ್ ವೇಗ, ಏರುಪೇರಾಯಿತು. ಆ ಸೆನ್ಸರಿಗೆ ಅಂತಲೇ ಬರುವ ಸ್ಪ್ರೇ ಹೊಡೆದ ಮೇಲೆ ಸರಿಹೋಯಿತು.

ನನ್ನ ಅಂಕ ಐದಕ್ಕೆ ಮೂರು. ಫಿಲ್ಟರಿನ ಗುಣಮಟ್ಟ ಚೆನ್ನಾಗಿದೆ, ಪೈಪ್ ಮಾಡಿದವರು ಕಾರಿನ ಸೆನ್ಸರ್ ನೋಡಿಯೇ ಇಲ್ಲ. ಹಳೆಯ ಡಬ್ಬಿ ಬಿಚ್ಚುವ ಮುಂಚೆ ಒಮ್ಮೆ ಮುಚ್ಚಳದ ಒಳಗೆ ನೋಡಿ. ಕೆಲವು ಕಾರುಗಳಲ್ಲಿ ಅಲ್ಲಿ ಇದ್ದಿಲಿನ ಒಂದು ಹಾಳೆ ಇರುತ್ತದೆ, ಎಂಜಿನ್ ನಿಂತಾಗ ಹಿಂದಕ್ಕೆ ಬರುವ ಪೆಟ್ರೋಲ್ ಆವಿಯನ್ನು ಹಿಡಿಯೋದಕ್ಕೆ. ನಿಮ್ಮದರಲ್ಲಿ ಅದು ಇದ್ದರೆ ಡಬ್ಬಿ ತೆಗೆಯಬೇಡಿ, ಅದೇ ಡಬ್ಬಿಯೊಳಗೆ ಕೂರುವ ಹತ್ತಿಯ ಚಪ್ಪಟೆ ಫಿಲ್ಟರ್ ಹಾಕಿಕೊಳ್ಳಿ.