ಮಂಡಿಪೇಟೆಯ ಬೋರ್ಡಿಲ್ಲದ ಅಂಗಡಿ, ಒಂದು ಬೆಳ್ಳಿ ತಂಬಿಗೆ

ಅಂಗಡಿಗೆ ಬೋರ್ಡಿಲ್ಲ. ದಾವಣಗೆರೆ ಮಂಡಿಪೇಟೆಯ ಒಂದು ಗಲ್ಲಿಯಲ್ಲಿ ಟಣ್ ಟಣ್ ಸದ್ದು ಹಿಡಿದು ಹೋದರೆ ಸಿಗುತ್ತದೆ. ಸ್ಕೂಟರ್ ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಒಳಗೆ ಒಂದು ಒಲೆ, ಮರದ ಕೊರಡಿಗೆ ಚುಚ್ಚಿದ ನಾಲ್ಕಾರು ಅಡಿಗಲ್ಲು (ತಗಡು ಇಟ್ಟು ಬಡಿಯುವ ಕಬ್ಬಿಣದ ಗೂಟ), ಅರವತ್ತು ದಾಟಿದ ಅಕ್ಕಸಾಲಿಗರು, ಅವರ ಅಳಿಯ. ಅಷ್ಟೇ.

ನಾನು ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿದ್ದವಳು. ಅರ್ಧ ಆಯುಷ್ಯ ಒಡವೆ ಸಾಲದ ಕೌಂಟರಿನಲ್ಲೇ ಹೋಯಿತು. ಬೆಳ್ಳಿ ಅಂದರೆ ನನಗೆ ಬರೀ ತೂಕ. ಹೋದ ವರ್ಷ ಮಗ ಡೆನ್ಮಾರ್ಕಿಗೆ ಕರೆಸಿಕೊಂಡ. ಅವನಿರುವ ಕೋಲ್ಡಿಂಗ್ ಊರಲ್ಲಿ ಕೋಲ್ಡಿಂಗ್‌ಹುಸ್ ಅಂತ ಹಳೇ ಅರಮನೆ ಇದೆ. 1808ರ ಮಾರ್ಚಿನಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಸ್ಪೇನ್ ಸೈನಿಕರು ಚಳಿ ತಾಳಲಾರದೆ ಬೆಂಕಿ ಜಾಸ್ತಿ ಹಾಕಿ ಅರಮನೆಯನ್ನೇ ಸುಟ್ಟರಂತೆ. ನಾನು ಹೋದದ್ದೂ ಮಾರ್ಚಿನಲ್ಲೇ. ಅವರ ಮೇಲೆ ಸಿಟ್ಟು ಬರಲಿಲ್ಲ.

ಈಗ ಅದು ಮ್ಯೂಸಿಯಂ, ಬೆಳ್ಳಿ ಪಾತ್ರೆಗಳ ದೊಡ್ಡ ಸಂಗ್ರಹ. ಜಾರ್ಜ್ ಜೆನ್ಸನ್ 1904ರಲ್ಲಿ ಕೋಪನ್‌ಹೇಗನ್‌ನಲ್ಲಿ ಬೆಳ್ಳಿ ಕೆಲಸದ ಅಂಗಡಿ ತೆರೆದವನು. ಅವನ ಪಾತ್ರೆಗಳ ಮೈಮೇಲೆ ಸುತ್ತಿಗೆಯ ಏಟು ಸಣ್ಣಗೆ ಕಾಣುತ್ತವೆ, ಗಾಳಿಗೆ ಕೆರೆ ನೀರು ಅಲುಗಿದ ಹಾಗೆ. ಅದೇ ಜೆನ್ಸನ್ ಕಂಪನಿಯ ಕೆಲಸಕ್ಕೆ ಮುಂದೆ ಬಂದ ಹೆನ್ನಿಂಗ್ ಕೊಪೆಲ್ 1952ರಲ್ಲಿ ಒಂದು ಹೂಜಿ ಮಾಡಿದ. ಅಡ್ಡ ಹೆಸರು 'ಬಸುರಿ ಬಾತುಕೋಳಿ'. ಮೈ ಕನ್ನಡಿ, ಒಂದು ಏಟೂ ಕಾಣುವುದಿಲ್ಲ. "ಇದು ಮೆಷಿನ್ನದು" ಅಂದೆ. ಮಗ ನಕ್ಕ. ಕೊಪೆಲ್ ಶಿಲ್ಪಿ, ಮೊದಲು ಜೇಡಿಮಣ್ಣಿನಲ್ಲಿ ರೂಪ ಮಾಡುತ್ತಿದ್ದ. ಆಮೇಲೆ ಕಾರ್ಖಾನೆಯ ಕುಶಲಿಗಳು ತಗಡು ಬಡಿದು ಆ ಹೊಟ್ಟೆಯನ್ನು ಎಬ್ಬಿಸುತ್ತಿದ್ದರು. ಏಟು ಬಿಡುವುದೂ ಕೈಕೆಲಸ, ಅಳಿಸುವುದೂ ಕೈಕೆಲಸ.

ಊರಿಗೆ ಬಂದವಳೇ ಇಲ್ಲಿ ಒಂದು ತಂಬಿಗೆ ಹೇಳಿದೆ. ಬೆಸುಗೆ ಇರಬಾರದು, ಏಟು ಹಾಗೇ ಇರಬೇಕು. ಪೇಟೆಯ ತಂಬಿಗೆಗಳಲ್ಲಿ ಜಾಸ್ತಿ ಪಾಲು ಕೆಳಗಿನ ಹೊಟ್ಟೆ ಬೇರೆ, ಕುತ್ತಿಗೆ ಬೇರೆ ಮಾಡಿ ಅಂಟಿಸಿದವು.

"ಅರ್ಧ ಕೆಲಸ ಮಾಡಿ ಕೊಟ್ಟ ಅಂತ ಊರೋರು ನನಗೆ ಉಗೀತಾರಮ್ಮ" ಅಂದರು ಅಕ್ಕಸಾಲಿಗರು. ಫೋನಿನಲ್ಲಿ ಜೆನ್ಸನ್ ಪಾತ್ರೆಯ ಫೋಟೊ ತೋರಿಸಿದೆ. ಬೆರಳಲ್ಲಿ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರು. "ಇದು ಬಿಟ್ಟ ಏಟಲ್ಲ. ಕೊನೇಲಿ ಕೂತು ಹಾಕಿದ ಏಟು" ಅಂದರು. ನಾನು ಆ ಮ್ಯೂಸಿಯಂನಲ್ಲಿ ಅರ್ಧ ದಿನ ನಿಂತರೂ ಅದು ಹೊಳೆದಿರಲಿಲ್ಲ.

ಕೆಲಸ ನೋಡಲು ಬಿಡುತ್ತಾರೆ, ಇದು ದೊಡ್ಡ ಪ್ಲಸ್. ಶುದ್ಧ ಬೆಳ್ಳಿ ಮೆತ್ತಗೆ, ಅದಕ್ಕೇ ನೂರಕ್ಕೆ ಏಳೂವರೆ ಪಾಲು ತಾಮ್ರ ಸೇರಿಸಿದರು. ಡೇನರ ಸ್ಟರ್ಲಿಂಗ್ ಬೆಳ್ಳಿಯೂ ಅದೇ 925, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ರೊಟ್ಟಿಯಂಥ ತಗಡನ್ನು ಅಡಿಗಲ್ಲಿನ ಮೇಲೆ ಸುತ್ತಿ ಸುತ್ತಿ ಬಡಿಯುತ್ತಾರೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಬೆಳ್ಳಿ ಬಿಗಿದುಕೊಳ್ಳುತ್ತದೆ. ಇನ್ನೂ ಬಡಿದರೆ ಸೀಳುತ್ತದೆ. ಆಗ ಮೆತ್ತಗಾಗಲು ಕಾಸಬೇಕು. ಅಳಿಯ ಎದ್ದು ಟ್ಯೂಬ್‌ಲೈಟ್ ಆರಿಸುತ್ತಾನೆ! ಮಂಕು ಕೆಂಪು ಕತ್ತಲಲ್ಲೇ ಕಾಣುವುದು, ಆರುನೂರು ಡಿಗ್ರಿ ದಾಟಿದಾಗ. ಹೆಚ್ಚು ಕಡಿಮೆ 890ಕ್ಕೆ ಈ ಬೆಳ್ಳಿ ಕರಗುತ್ತದೆ, ಕಣ್ಣು ತಪ್ಪಿದರೆ ವಾರದ ಕೆಲಸ ಗೊಟಕ್. ಕಾಸಿದ್ದು ಕಪ್ಪಾಗುತ್ತದೆ, ಆಸಿಡ್ ನೀರಿಗೆ ಹಾಕಿದರೆ ಬೆಳ್ಳಗೆ. ಮತ್ತೆ ಬಡಿತ. ನನ್ನ ತಂಬಿಗೆಯನ್ನು ಹದಿಮೂರು ಸಲ ಕಾಸಿದರು. ಕುತ್ತಿಗೆ ಒಳಕ್ಕೆ ಎಳೆಯುವಾಗಲೇ ಜಾಸ್ತಿ.

ಒಂದು ದೊಡ್ಡ ಷೋರೂಮಿನಲ್ಲಿ ನನಗೆ 'ಹ್ಯಾಂಡ್ ಹ್ಯಾಮರ್ಡ್' ಅಂತ ಲೋಟ ತೋರಿಸಿದ್ದರು. ಪ್ರತಿ ಏಟೂ ಒಂದೇ ಅಳತೆ, ಸಾಲು ಸಾಲು. ಕೈ ಹಾಗೆ ಬಡಿಯುತ್ತದಾ? ಅಚ್ಚಿನ ಕೆಲಸಕ್ಕೆ ಕೈಕೂಲಿ ಕೇಳುವುದು ನನಗೆ ಸರಿ ಕಾಣಲಿಲ್ಲ.

ಇನ್ನು ದೂರು. ಹತ್ತು ದಿನ ಅಂದದ್ದು ಇಪ್ಪತ್ತಾರು ದಿನ ಆಯಿತು. ಹಾಲ್‌ಮಾರ್ಕ್ ಇಲ್ಲ. ಬೆಳ್ಳಿಗೆ ಅದು ಕಡ್ಡಾಯವೂ ಅಲ್ಲ, ಆದರೆ ನನ್ನಂಥವಳಿಗೆ ಸಮಾಧಾನ ಇಲ್ಲ. ತಾಮ್ರ ಸೇರಿ ತೂಗಿದ್ದು 320 ಗ್ರಾಂ, ಬಂದದ್ದು 311. ಉಳಿದದ್ದರಲ್ಲಿ ಏಳು ಗ್ರಾಂ ಚೂರನ್ನು ಪೊಟ್ಟಣ ಕಟ್ಟಿ ಕೈಗಿಟ್ಟರು, ಎರಡು ಗ್ರಾಂ ಸವಕಳಿ. ಇದನ್ನು ದೂರಲ್ಲಿ ಬರೆದದ್ದು ತಪ್ಪಾಯಿತೇನೋ. ಕೂಲಿ ಆರು ಸಾವಿರ. ಚೌಕಾಸಿ ಮಾಡಲಿಲ್ಲ, ಹದಿಮೂರು ಸಲ ಟ್ಯೂಬ್‌ಲೈಟ್ ಆರಿದ್ದು ಕಂಡಿದ್ದೆನಲ್ಲ.

ನಿಜವಾದ ತಪ್ಪು ಒಂದೇ. ಅಳಿಯ ಅಭ್ಯಾಸಬಲದಿಂದ ಕುತ್ತಿಗೆಯ ಒಂದು ಪಕ್ಕ ಬಫ್ (ಪಾಲಿಷ್ ಚಕ್ರ) ಹಿಡಿದುಬಿಟ್ಟ. ಅಲ್ಲಿ ಏಟು ಮಾಯ, ಕೊಪೆಲ್ ಥರ ನುಣುಪು. ಅಕ್ಕಸಾಲಿಗರು ಮತ್ತೆ ಬಡಿದು ಕೊಡುತ್ತೇನೆ ಅಂದರು, ಅಳಿಯನ ಮುಖ ನೋಡಿ ಬೇಡ ಅಂದೆ. ನೀರು ಬಗ್ಗಿಸುವಾಗ ನನ್ನ ಹೆಬ್ಬೆರಳು ಈಗ ಸರಿಯಾಗಿ ಅಲ್ಲೇ ಕೂರುತ್ತದೆ.

ಹೋಗುವವರು ಕ್ಯಾಲೆಂಡರ್ ನೋಡಿಕೊಂಡು ಹೋಗಿ. ಅಮಾವಾಸ್ಯೆ ದಿನ ಸುತ್ತಿಗೆ ಮುಟ್ಟುವುದಿಲ್ಲ. ನಾನು ಸುಮ್ನೆ ಎರಡು ಸಲ ಬಿಸಿಲಲ್ಲಿ ವಾಪಸ್ ಬಂದೆ.