ಯಾಂಗ್‌ಶುವೊದಲ್ಲಿ ಬಾಡಿಗೆ ಸೈಕಲ್ಲಿನ ಹಿಂದೆ ಮಗುವನ್ನು ಕೂರಿಸುವ ಮುನ್ನ

ದಕ್ಷಿಣ ಚೀನಾದ ಗುವಾಂಗ್‌ಶಿ ಸ್ವಾಯತ್ತ ಪ್ರದೇಶದ ಯಾಂಗ್‌ಶುವೊಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಯುಲೊಂಗ್ ನದಿಯ ದಂಡೆಯಲ್ಲಿ ಸೈಕಲ್ ತುಳಿಯಬೇಕೆಂದುಕೊಂಡಿರುವ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಕಣಿವೆಯ ಚೆಲುವಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ಭತ್ತದ ಗದ್ದೆಗಳ ನಡುವಿನಿಂದ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡಗಳು, ಬಿದಿರಿನ ತೆಪ್ಪಗಳು, ಮಿಂಗ್ ಅರಸರ ಕಾಲದಲ್ಲಿ, 1412ರಲ್ಲಿ ಕಟ್ಟಿದ ಒಂಟಿ ಕಮಾನಿನ ಕಲ್ಲುಸೇತುವೆ, ಎಲ್ಲವೂ ಜನ ಹೇಳುವ ಹಾಗೆಯೇ ಇವೆ. ತಕರಾರಿರುವುದು ನಮಗೆ ಬಾಡಿಗೆಗೆ ಕೊಟ್ಟ ಸೈಕಲ್ಲಿನ ಹಿಂಬದಿಯ ಮಕ್ಕಳ ಆಸನದ ಬಗ್ಗೆ. ಐದು ವರ್ಷದ ನಮ್ಮ ಮಗನ ಹಿಮ್ಮಡಿ ಅದರ ದೆಸೆಯಿಂದ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡಿತು.

ಅಂಗಡಿಯವನು ಮೊದಲು ಕೇಳಿದ್ದು ಠೇವಣಿಯಾಗಿ ಪಾಸ್‌ಪೋರ್ಟನ್ನು. 2013ರ ಜುಲೈಯಿಂದ ಜಾರಿಯಲ್ಲಿರುವ ಚೀನಾದ ವಲಸೆ ಕಾಯ್ದೆಯ ಪ್ರಕಾರ ಹದಿನಾರು ವರ್ಷ ತುಂಬಿದ ವಿದೇಶಿಯರು ಪಾಸ್‌ಪೋರ್ಟನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಆದ್ದರಿಂದ ನಾವು ಒಪ್ಪದೆ, ನಗದು ಠೇವಣಿ ಕೊಟ್ಟೆವು. ಹತ್ತು ವರ್ಷದ ಮಗಳಿಗೂ ಒಂದು ಸೈಕಲ್ ಕೊಡಲು ಅವನು ಸಿದ್ಧನಿದ್ದ. ಆದರೆ ಆ ದೇಶದ ಸಂಚಾರ ನಿಯಮದಲ್ಲಿ ಹನ್ನೆರಡು ತುಂಬದವರು ರಸ್ತೆಯಲ್ಲಿ ಸೈಕಲ್ ಓಡಿಸುವಂತಿಲ್ಲ, ವಿದ್ಯುತ್ ಸೈಕಲ್ಲಿಗಾದರೆ ಹದಿನಾರು ತುಂಬಿರಬೇಕು. ಈ ಮಾತನ್ನು ಬಾಡಿಗೆ ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಕೊನೆಗೆ ನನ್ನ ಪತಿ ಮತ್ತು ಮಗಳು ಇಬ್ಬರು ತುಳಿಯುವ ಜೋಡಿ ಸೈಕಲ್ ತೆಗೆದುಕೊಂಡರು, ಮಗನನ್ನು ನಾನು ನನ್ನ ಹಿಂದೆ ಕೂರಿಸಿಕೊಂಡೆ.

ಆ ಆಸನವೆಂದರೆ ಕ್ಯಾರಿಯರ್ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಒಂದು ಮೆತ್ತೆ, ಹಿಡಿದುಕೊಳ್ಳಲು ಒಂದು ಕಂಬಿ, ಕಾಲಿಡಲು ಅಚ್ಚಿನ ಬಳಿ ಎರಡು ಮಡಚುವ ಕಬ್ಬಿಣದ ಕಡ್ಡಿಗಳು, ಇಷ್ಟೇ. ಮಗುವಿನ ಪಾದಕ್ಕೂ ತಿರುಗುವ ಚಕ್ರಕ್ಕೂ ನಡುವೆ ಯಾವ ತಡೆಯೂ ಇರಲಿಲ್ಲ. ಕಾಲನ್ನು ಕಟ್ಟುವ ಪಟ್ಟಿಯೂ ಇಲ್ಲ. ದೊಡ್ಡವರ ಕಾಲಿಗೆ ಸರಿಹೊಂದುವ ಆ ಕಡ್ಡಿಗಳನ್ನು ಐದು ವರ್ಷದ ಮಗು ತುದಿಬೆರಳಿನಲ್ಲಷ್ಟೇ ಮುಟ್ಟೀತು. ಹೊರಟಾಗ ಎಚ್ಚರದಿಂದ ಕಾಲು ಅಗಲಿಸಿಕೊಂಡು ಕುಳಿತ ಮಗು ದಣಿದ ಮೇಲೆ, ಅಥವಾ ತೂಕಡಿಸಿದಾಗ, ಕಾಲನ್ನು ಜೋಲು ಬಿಡುತ್ತದೆ. ಜೋತ ಕಾಲು ಸಹಜವಾಗಿಯೇ ಒಳಕ್ಕೆ, ಚಕ್ರದ ಕಡೆಗೆ ವಾಲುತ್ತದೆ.

ನದಿಯಂಚಿನ ದಾರಿಯಲ್ಲಿ ವಿದ್ಯುತ್ ಸ್ಕೂಟರುಗಳು ಒಂದಿಷ್ಟೂ ಸದ್ದಿಲ್ಲದೆ ಹಿಂದಿನಿಂದ ಬರುತ್ತವೆ. ಅಲ್ಲಿ ಸಂಚಾರ ಬಲಬದಿಯಲ್ಲಿ. ಎಡಕ್ಕೆ ಸರಿಯುವ ನಮ್ಮ ಊರಿನ ಅಭ್ಯಾಸ ಅಲ್ಲಿ ಅಪಾಯಕಾರಿ. ಹಾಗೊಂದು ಸ್ಕೂಟರಿಗೆ ದಾರಿ ಬಿಟ್ಟು ನಾನು ಬಲಕ್ಕೆ ತಿರುಗಿಸಿದಾಗ ಮಗನ ಪಾದ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಸೈಕಲ್ ಗಕ್ಕನೆ ನಿಂತುಬಿಟ್ಟಿತು. ಇಂಥ ಹೊತ್ತಿನಲ್ಲಿ ಮಗು ಎಷ್ಟೇ ಚೀರಿದರೂ ಕಾಲನ್ನು ಎಳೆಯಕೂಡದು: ಒಬ್ಬರು ಮಗುವಿನ ಭಾರವನ್ನು ಹೊತ್ತು ಹಿಡಿದುಕೊಂಡಿರಬೇಕು, ಇನ್ನೊಬ್ಬರು ಚಕ್ರವನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಬೇಕು, ಅದಕ್ಕೂ ಬಾರದಿದ್ದರೆ ಕಡ್ಡಿಗಳನ್ನೇ ಕತ್ತರಿಸಬೇಕು. ಮೇಲ್ನೋಟಕ್ಕೆ ತರಚಿದಂತೆ ಕಾಣುವ ಈ ಗಾಯದ ಒಳಗೆ ಚರ್ಮವೂ ಅದರಡಿಯ ಮಾಂಸವೂ ಜಜ್ಜಿಹೋಗಿರಬಹುದು. ಕೆಲವು ದಿನಗಳ ನಂತರ ಚರ್ಮ ಕಪ್ಪಾಗುವುದೂ ಉಂಟು, ಮೂಳೆ ಬಿರುಕು ಬಿಟ್ಟಿರುವುದೂ ಉಂಟು. ಹಾಗಾಗಿ ರಕ್ತ ನಿಂತಿತೆಂದು ಸುಮ್ಮನಾಗದೆ ಎಕ್ಸ್‌ರೇ ತೆಗೆಸಲೇಬೇಕು.

ಚೀನಾದಲ್ಲಿ ಆಂಬುಲೆನ್ಸಿಗೆ 120, ಪೊಲೀಸರಿಗೆ 110. ಆದರೆ ಗದ್ದೆಗಳ ನಡುವೆ ನಿಂತು, ನಾವಿರುವ ಜಾಗ ಯಾವುದೆಂದು ಚೀನೀ ಭಾಷೆಯಲ್ಲಿ ಹೇಳುವವರು ಯಾರು? ರೋಮಿಂಗ್ ಸಿಮ್‌ನಲ್ಲಿ ಗೂಗಲ್ ನಕ್ಷೆ ತೆರೆದುಕೊಂಡರೂ, ಚೀನಾದ ನಕ್ಷೆಗಳ ನಿರ್ದೇಶಾಂಕಗಳನ್ನು ಸರ್ಕಾರದ ನಿಯಮದಂತೆ ಬೇಕೆಂದೇ ಸರಿಸಿರುವುದರಿಂದ, ನಮ್ಮನ್ನು ತೋರಿಸುವ ಚುಕ್ಕೆ ನೂರಾರು ಮೀಟರ್ ಆಚೆ, ಕೆಲವೊಮ್ಮೆ ನದಿಯ ಆಚೆ ದಡದಲ್ಲೇ ಬೀಳುತ್ತದೆ. ಸ್ಥಳೀಯ ನಕ್ಷೆಯಾದ ಆಮ್ಯಾಪ್ ಅನ್ನು ಮೊದಲೇ ಫೋನಿಗೆ ಹಾಕಿಕೊಂಡಿರುವುದು ಒಳಿತು. ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದವರು ತರಕಾರಿ ಸಾಗಿಸುತ್ತಿದ್ದ ಒಬ್ಬ ಅಜ್ಜಿ, ತಮ್ಮ ಮೂರು ಚಕ್ರದ ಗಾಡಿಯಲ್ಲಿ. ಎಷ್ಟು ಬೇಡಿಕೊಂಡರೂ ಅವರು ಹಣ ಮುಟ್ಟಲಿಲ್ಲ.

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಮೊದಲು ಕೇಳಿದ್ದೇ ಮಗನ ಪಾಸ್‌ಪೋರ್ಟ್. ಅದನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ನೋಂದಣಿಗೆ, ಎಕ್ಸ್‌ರೇಗೆ, ಔಷಧಕ್ಕೆ ಬೇರೆ ಬೇರೆಯಾಗಿ, ಪ್ರತಿ ಸಲವೂ ಮುಂಗಡವಾಗಿಯೇ ಹಣ ಕಟ್ಟಬೇಕಾಯಿತು. ಚೀನಾದಲ್ಲಿ ಫೋನಿನಿಂದ ಹಣ ಪಾವತಿಸಲು ಬಳಸುವ ಅಲಿಪೇ ಅಥವಾ ವಿಚಾಟ್‌ಗೆ ವೀಸಾ ಇಲ್ಲವೇ ಮಾಸ್ಟರ್‌ಕಾರ್ಡ್ ಅನ್ನು ಊರಿನಲ್ಲಿರುವಾಗಲೇ ಜೋಡಿಸಿ, ಜೊತೆಗೆ ಒಂದಷ್ಟು ನಗದು ಯುವಾನ್ ಇಟ್ಟುಕೊಂಡಿರಿ. ಮೂಳೆ ಮುರಿದಿರಲಿಲ್ಲ, ಹಿಮ್ಮಡಿಯ ಮೇಲೆ ಹೊಲಿಗೆ ಬಿತ್ತು.

ಸೈಕಲ್ ಹಿಂತಿರುಗಿಸಲು ಹೋದಾಗ ಅಂಗಡಿಯವನು ಮಗುವಿನ ಬ್ಯಾಂಡೇಜನ್ನು ಒಮ್ಮೆ ನೋಡಿ, ಬಳಿಕ ಬಾಗಿದ ಕಡ್ಡಿಗಳನ್ನು ಬಹಳ ಹೊತ್ತು ನೋಡಿ, ಠೇವಣಿ ಪೂರ್ತಿ ಮುಟ್ಟುಗೋಲು ಎಂದುಬಿಟ್ಟ. ಹೊರಡುವ ಮುನ್ನ ಸೈಕಲ್ಲಿನ ಎಲ್ಲ ಬದಿಗಳ ಫೋಟೋ ತೆಗೆದಿದ್ದರಿಂದ, ಚಕ್ರಕ್ಕೆ ತಡೆಯೇ ಇರಲಿಲ್ಲವೆಂಬುದನ್ನು ತೋರಿಸಲು ಸಾಧ್ಯವಾಯಿತು. ನಾವಿಳಿದುಕೊಂಡಿದ್ದ ಮನೆಯ ಯಜಮಾನಿ ಗ್ರಾಹಕರ ದೂರಿನ ಸಂಖ್ಯೆ 12315ಕ್ಕೆ ಕರೆ ಮಾಡುವುದಾಗಿ ಹೇಳಿದ ಮೇಲಷ್ಟೇ ಅವನು ಅರ್ಧ ಹಣ ಎಣಿಸಿ ಕೊಟ್ಟ. ಉಳಿದರ್ಧವನ್ನು ನಾವು ಕೈಬಿಟ್ಟೆವು.

ಚಕ್ರದ ಎರಡೂ ಬದಿಗೆ ಗಟ್ಟಿ ಹಲಗೆಯಂಥ ತಡೆ, ಬೆನ್ನಿಗೆ ಒರಗು, ಸೊಂಟಕ್ಕೂ ಪಾದಕ್ಕೂ ಪಟ್ಟಿ, ಇಷ್ಟೂ ಇರುವ ಆಸನ ಸಿಗದಿದ್ದರೆ ಮಗುವನ್ನು ಸೈಕಲ್ಲಿಗೆ ಹತ್ತಿಸಬೇಡಿ. ನಡೆದು ನೋಡಿದರೂ ಆ ಕಣಿವೆ ಅಷ್ಟೇ ಚೆಂದ. ಚಪ್ಪಲಿಯ ಬದಲು ಹಿಮ್ಮಡಿ ಮುಚ್ಚುವ ಬೂಟು ಹಾಕಿಸಿ. ಪ್ರವಾಸ ವಿಮೆ ಮಾಡಿಸಿದ್ದರೆ, ಆಸ್ಪತ್ರೆಯಿಂದ ಹೊರಡುವ ಮೊದಲೇ ಪ್ರತಿ ಪಾವತಿಯ ರಸೀದಿಯನ್ನೂ ವೈದ್ಯರ ರೋಗನಿರ್ಣಯ ಪತ್ರವನ್ನೂ ಆಸ್ಪತ್ರೆಯ ಕೆಂಪು ಮೊಹರು ಹಾಕಿಸಿಯೇ ಪಡೆದುಕೊಳ್ಳಿ, ಏಕೆಂದರೆ ಭಾರತಕ್ಕೆ ಮರಳಿದ ಮೇಲೆ ಆ ಮೊಹರನ್ನು ಹಾಕಿಸಿಕೊಳ್ಳುವ ದಾರಿ ಸುಲಭವಲ್ಲ.