ಶಾಕ್ ಕೊಡೋ ಮೂರು ಸಾಮಾನು ನೋಡಿದ್ವಿ, ಡಬ್ಬದ ಮೇಲಿರೋ ವೋಲ್ಟ್ ಮಾತ್ರ ನಂಬ್ಬೇಡಿ

ತಂಗಿಗೆ ನೈಟ್ ಶಿಫ್ಟ್ ಶುರುವಾದ್ಮೇಲೆ ಅವಳ ಸೇಫ್ಟಿಗೆ ಅಂತ ನಂಗೆ ಈ ಕರೆಂಟ್ ಶಾಕ್ ಸಾಮಾನುಗಳ ಹುಚ್ಚು ಹಿಡೀತು. ಮೈಗೆ ಒತ್ತಿ ಶಾಕ್ ಕೊಡೋ ಅಂಗೈ ಸೈಜಿನ ಸ್ಟನ್ ಗನ್ ಒಂದು, ಟಾರ್ಚ್ ಜೊತೆಗೇ ಶಾಕ್ ಬರೋದು ಒಂದು, ಇವೆರಡನ್ನೂ ತಗೊಂಡು ಕೆಲವು ತಿಂಗಳು ಬಳಸಿದ್ವಿ. ಮೂರನೇದು ದೂರದಿಂದಲೇ ಶಾಕ್ ಹೊಡೆಯೋ ಟೇಸರ್ ಪಲ್ಸ್, ಅದು ನಮ್ದಲ್ಲ, ಪರಿಚಯದವರ ಹತ್ರ ಇತ್ತು, ಒಂದ್ಸಲ ರಟ್ಟಿನ ಬೋರ್ಡಿಗೆ ಹೊಡೆದು ನೋಡಿದೀನಿ ಅಷ್ಟೇ.

ಮೊದ್ಲು ವೋಲ್ಟ್ ಕಥೆ. ಸ್ಟನ್ ಗನ್ ಡಬ್ಬದ ಮೇಲೆ 5 ಕೋಟಿ ವೋಲ್ಟ್ ಅಂತ ಇಷ್ಟ್ ದಪ್ಪ ಅಕ್ಷರದಲ್ಲಿ ಹಾಕಿದ್ರು. ಗಾಳಿಲಿ ಕಿಡಿ 1 ಸೆಂಟಿಮೀಟರ್ ಹಾರೋಕೆ ಹೆಚ್ಚುಕಮ್ಮಿ 30,000 ವೋಲ್ಟ್ ಬೇಕು, ಹಂಗಂದ್ರೆ 5 ಕೋಟಿ ನಿಜ ಆಗಿದ್ರೆ ಕಿಡಿ 16 ಮೀಟರ್ ಹಾರ್ಬೇಕಿತ್ತು, ಶಾಕ್ ತಿನ್ನೋನು ಹತ್ರ ಬರೋದೇ ಬೇಡ! ನಾನು ಸ್ಕೇಲ್ ಇಟ್ಟು ಅಳೆದೆ, ಕಿಡಿ ಹಾರೋ ತುದಿಯ ಎರಡು ಲೋಹದ ಮುಳ್ಳಿನ ಮಧ್ಯೆ ಇದ್ದಿದ್ದು 2 ಸೆಂಟಿಮೀಟರ್, ಅಲ್ಲಿಗೆ ಲೆಕ್ಕ 60,000ದ ಆಸುಪಾಸಲ್ಲೇ ನಿಲ್ಲುತ್ತೆ. ವೋಲ್ಟ್ ಒಂದೇ ಇದ್ರೆ ಏನೂ ಆಗಲ್ಲ ಬಿಡಿ, ಚಳಿಲಿ ಸ್ವೆಟರ್ ಬಿಚ್ಚುವಾಗ ಚಟಪಟ ಅನ್ನುತ್ತಲ್ಲ, ಅದೂ ಸಾವಿರಾರು ವೋಲ್ಟೇ.

ನಿಜವಾಗ್ಲೂ ನೋಡ್ಬೇಕಾಗಿರೋದು ಆ ಎರಡು ಮುಳ್ಳಿನ ಅಂತರ. ಸ್ಟನ್ ಗನ್ನಲ್ಲಿ ಅವು ಅಕ್ಕಪಕ್ಕನೇ ಇರೋದ್ರಿಂದ ಕರೆಂಟು ಅಷ್ಟು ಜಾಗದಲ್ಲೇ ಸುತ್ತುತ್ತೆ, ನೋವಾಗುತ್ತೆ, ಆದ್ರೆ ಮನುಷ್ಯ ಬೀಳೋ ಗ್ಯಾರಂಟಿ ಇಲ್ಲ. ಕುಡಿದಿರೋನು, ಸಿಟ್ಟು ನೆತ್ತಿಗೇರಿರೋನು ಆ ನೋವನ್ನ ಸಹಿಸ್ಕೊಂಡು ಮೇಲೆ ಬೀಳ್ಬಹುದು. ಅದೂ ಅಲ್ದೆ ಅವನ ಮೈಗೆ ಒತ್ತಿ ಹಿಡೀಬೇಕು, ಅಂದ್ರೆ ಅವನ ಕೈಗೆ ನೀವು ಸಿಗೋಷ್ಟು ಹತ್ರ ಹೋಗ್ಬೇಕು, ನಂಗೆ ಇದೇ ದೊಡ್ಡ ತಕರಾರು.

ಟೇಸರ್ ಆಟನೇ ಬೇರೆ. ಒತ್ತಿದ ತಕ್ಷಣ ನೈಟ್ರೋಜನ್ ಒತ್ತಡಕ್ಕೆ ಎರಡು ಸಣ್ಣ ಬಾಣ ತಂತಿ ಸಮೇತ ಹಾರ್ತವೆ, ಪಲ್ಸ್‌ದು ಸುಮಾರು 4.5 ಮೀಟರ್ ದೂರ. ಹೋಗ್ತಾ ಹೋಗ್ತಾ ಬಾಣಗಳ ನಡುವೆ ಅಗಲ ಆಗುತ್ತೆ, ಒಂದು ಎದೆ ಕೆಳಗೆ ಇನ್ನೊಂದು ತೊಡೆಗೆ ಚುಚ್ಚಿದ್ರೆ ಮಧ್ಯದ ಸ್ನಾಯುಗಳೆಲ್ಲ ಸೆಟೆದುಕೊಂಡು ಹಿಡಿತ ತಪ್ಪುತ್ತೆ, ನೋವು ತಡ್ಕೊಳ್ಳೋ ಶಕ್ತಿ ಇದ್ರೂ ಉಪಯೋಗ ಇಲ್ಲ. 30 ಸೆಕೆಂಡ್ ತನಕ ಶಾಕ್ ಕೊಡ್ತಾ ಇರುತ್ತೆ, ಅಲ್ಲೇ ಬಿಸಾಕಿ ಓಡ್ಬಹುದು. ನಂಗೆ ತುಂಬ ಇಷ್ಟ ಆಗಿದ್ದು ಇದೇ. ಆದ್ರೆ ಇರೋದು ಒಂದೇ ಏಟು, ಎರಡೂ ಬಾಣ ತಾಗ್ಲೇಬೇಕು, ಒಂದು ತಪ್ಪಿದ್ರೂ ಕರೆಂಟ್ ಹರಿಯಲ್ಲ, ದಪ್ಪ ಜಾಕೆಟ್ ಸಡಿಲವಾಗಿ ಜೋತಾಡ್ತಿದ್ರೂ ಕಷ್ಟ. ನಾನು ಹೊಡೆದಾಗ ಕೆಳಗಿನ ಬಾಣ ಬೋರ್ಡ್ ಪಕ್ಕದಲ್ಲೇ ಹೋಯ್ತು, ನಿಂತಿರೋ ರಟ್ಟಿಗೇ ಹಿಂಗಾದ್ರೆ!

ಟಾರ್ಚ್ ಮಾಡೆಲ್ ಬಗ್ಗೆ ಏನೂ ನಿರೀಕ್ಷೆ ಇರ್ಲಿಲ್ಲ, ದಿನಾ ಕೈಯಲ್ಲಿ ಉಳಿದಿದ್ದು ಅದೇ. ಶಾಕ್ ಸ್ಟನ್ ಗನ್ನಿನಷ್ಟೇ, ಆದ್ರೆ ಬೆಳಕು ಕಣ್ಣಿಗೆ ಕುಕ್ಕುತ್ತೆ, ಮೆಟ್ಟಿಲಿಗೆ ಪಾರ್ಕಿಂಗಿಗೆ ಹೇಗೂ ಬೇಕು, ಹಂಗಾಗಿ ಮೊದ್ಲಿಂದಲೇ ಕೈಯಲ್ಲಿರುತ್ತೆ. ಸ್ಟನ್ ಗನ್ ಇದ್ದಿದ್ದು ಬ್ಯಾಗಿನ ತಳದಲ್ಲಿ, ಚಾರ್ಜರ್ ಕೆಳಗೆ, ಬಾಚಣಿಗೆ ಕೆಳಗೆ.

ಆ ಬ್ಯಾಗಲ್ಲೇ ಒಂದು ಎಡವಟ್ಟಾಯ್ತು. ಸೇಫ್ಟಿ ಸ್ವಿಚ್ ಲೂಸು, ಬೀಗದ ಕೈ ತಾಗಿ ಆನ್ ಆಗಿದೆ, ತಂಗಿ ಕರ್ಚೀಫಿಗೆ ಕೈ ಹಾಕಿದ್ದೇ ತಡ ಚಟ್ ಅಂತು! ಹೆಬ್ಬೆರಳ ಹತ್ರ ಎರಡು ಕೆಂಪು ಚುಕ್ಕೆ, ನಂಗೆ ಒಂದು ವಾರ ಬೈಗುಳ. ಕೈಗೆ ಕಟ್ಕೊಳ್ಳೋ ದಾರದ ತುದಿಲಿ ಪಿನ್ ಇರೋದನ್ನೇ ತಗೊಳ್ಳಿ, ಯಾರಾದ್ರೂ ಕಿತ್ಕೊಂಡ್ರೆ ಪಿನ್ ಆಚೆ ಬಂದು ಸ್ಟನ್ ಗನ್ ಡೆಡ್ ಆಗುತ್ತೆ.

ಆಲ್ಕೋಹಾಲ್ ಇರೋ ಪೆಪ್ಪರ್ ಸ್ಪ್ರೇ ಹೊಡೆದ ಮೇಲೆ ಈ ಶಾಕ್ ಸಾಮಾನು ಯಾವ್ದನ್ನೂ ಬಳಸ್ಬೇಡಿ, ಬೆಂಕಿ ಹತ್ಕೊಳ್ಬಹುದು. ಹಾರ್ಟ್ ತೊಂದ್ರೆ ಇರೋರಿಗೆ ಅಪಾಯ, ಬಿದ್ದಾಗ ತಲೆಗೆ ಏಟಾಗೋದೂ ಇದೆ, ಹಂಗಾಗಿ ತಮಾಷೆಗೂ ಯಾರ ಮೇಲೂ ಟ್ರೈ ಮಾಡ್ಬೇಡಿ. ಕಾನೂನು ಒಂದೊಂದು ಕಡೆ ಒಂದೊಂದು ಥರ, ಬ್ರಿಟನ್‌ನಲ್ಲಿ ಸಾಮಾನ್ಯ ಜನ ಇಟ್ಕೊಳ್ಳೋದೇ ಅಪರಾಧ, ನಿಮ್ಮಲ್ಲಿ ಹೇಗೆ ಅಂತ ವಿಚಾರಿಸಿಯೇ ತಗೊಳ್ಳಿ.

ಈಗ ತಂಗಿ ಹತ್ರ ಟಾರ್ಚ್ ಒಂದೇ ಇರೋದು, ಭಾನುವಾರ ಚಾರ್ಜಿಗೆ ಹಾಕ್ತಾಳೆ. 5 ಕೋಟಿ ವೋಲ್ಟಿಂದು ಡ್ರಾಯರಲ್ಲಿ ಬಿದ್ದಿದೆ.